ನೆಲ ನೋಡಿ ಯಂತ್ರ ತನ್ನಿ: ತೆಂಗಿನ ಸೀಮೆಗೆ ಫೋರ್ಕ್‌ಲಿಫ್ಟ್ ಆಯ್ಕೆಯ 12 ಸೂತ್ರಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಯ ಯಾವ ಭಾಗವೂ ಈಗ ಸುಮ್ಮನೆ ತಿಪ್ಪೆ ಸೇರುವುದಿಲ್ಲ. ತಿರುಳು ಉಂಡೆ ಕೊಬ್ಬರಿಯಾಗಿ ಮಂಡಿಗೆ, ಪುಡಿಯಾಗಿ ಚೀಲಕ್ಕೆ, ಎಣ್ಣೆಯಾಗಿ ಡಬ್ಬಕ್ಕೆ ಹೋಗುತ್ತದೆ. ಮಟ್ಟೆಯಿಂದ ನಾರು ಬರುತ್ತದೆ, ನಾರು ತೆಗೆದು ಉಳಿದ ಪುಡಿ ಕೋಕೋಪಿಟ್ ಇಟ್ಟಿಗೆಯಾಗಿ ಹಡಗು ಹತ್ತುತ್ತದೆ, ಚಿಪ್ಪು ಇದ್ದಿಲಾಗುತ್ತದೆ. ಇಷ್ಟೂ ಸರಕನ್ನು ಎತ್ತಿ ಇಳಿಸುವ ಕೆಲಸ ಮಾತ್ರ ಬಹುಪಾಲು ಹಮಾಲರ ಹೆಗಲ ಮೇಲೆಯೇ ನಿಂತಿದೆ. ಆ ಹೆಗಲು ಬೇಕೆಂದಾಗ ಸಿಗುವುದಿಲ್ಲ ಎಂಬುದು ಮಾಲೀಕರ ದೂರು. ಹಾಗಾಗಿಯೇ ಈಗಿನ ಪ್ರಶ್ನೆ: ‘ಫೋರ್ಕ್‌ಲಿಫ್ಟ್ ತರೋದಾದ್ರೆ ಬ್ಯಾಟರಿದಾ, ಡೀಸೆಲ್‌ದಾ?’

ಉತ್ತರ ಮಾರಾಟಗಾರರ ಬಣ್ಣದ ಪುಸ್ತಕದಲ್ಲಿಲ್ಲ. ನಿಮ್ಮ ಶೆಡ್ಡಿನ ನೆಲ, ಅಲ್ಲಿನ ದೂಳು, ಯಂತ್ರ ದಿನಕ್ಕೆ ದುಡಿಯುವ ಗಂಟೆ, ಈ ಮೂರರಲ್ಲಿದೆ. ಮೂರನ್ನೂ ಅಳೆಯುವ ದಾರಿ ಇಲ್ಲಿದೆ.

1. ಮೊದಲು ಪ್ಯಾಲೆಟ್, ಆಮೇಲೆ ಯಂತ್ರ

ಫೋರ್ಕ್‌ಲಿಫ್ಟ್ ಚೀಲ ಎತ್ತುವುದಿಲ್ಲ, ಪ್ಯಾಲೆಟ್ ಎತ್ತುತ್ತದೆ. ಕೊಬ್ಬರಿ ಚೀಲಗಳನ್ನು ಒಂದರ ಮೇಲೊಂದು ಒತ್ತಿ ಲಾರಿ ತುಂಬಿಸುವ ಮಂಡಿಯಲ್ಲಿ ಪ್ಯಾಲೆಟ್ ಜಾಗ ತಿನ್ನುತ್ತದೆಂದು ಅದನ್ನು ಬಳಸಲು ಯಾರೂ ಒಪ್ಪುವುದಿಲ್ಲ. ಅಂಥ ಕಡೆ ಯಂತ್ರ ತಂದರೆ ಅದು ಮೂಲೆ ಸೇರುತ್ತದೆ. ಪುಡಿ ಕಾರ್ಖಾನೆ, ಎಣ್ಣೆ ಘಟಕ, ಕೋಕೋಪಿಟ್ ರಫ್ತು ಘಟಕಗಳ ಲೆಕ್ಕ ಬೇರೆ. ಅಲ್ಲಿನ ಸರಕಿಗೆ ಒಂದೇ ಅಳತೆ ಇರುತ್ತದೆ, 1,200 × 1,000 ಮಿ.ಮೀ. ಪ್ಯಾಲೆಟ್ ಮೇಲೆ ಒಪ್ಪವಾಗಿ ಕೂರುತ್ತದೆ.

ಒಂದು ವಾರ ಎಣಿಸಿ ನೋಡಿ. ದಿನಕ್ಕೆ ಹತ್ತಿಪ್ಪತ್ತು ಪ್ಯಾಲೆಟ್ ದಾಟದಿದ್ದರೆ, ಎತ್ತರಕ್ಕೆ ಜೋಡಿಸುವ ಕೆಲಸವೂ ಇಲ್ಲದಿದ್ದರೆ, ಕೈಯಿಂದ ಎಳೆಯುವ 2.5 ಟನ್‌ನ ಪ್ಯಾಲೆಟ್ ಟ್ರಕ್ ಸಾಕು. ಎರಡು ಸಾಲು ಎತ್ತರಕ್ಕೆ ಇಡಬೇಕಾದರೆ ಬ್ಯಾಟರಿ ಸ್ಟ್ಯಾಕರ್ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚುವವನಿಗೆ ಸಾಲದ ಕಂತೂ ಹಗುರ.

2. ಬಾಗಿಲಲ್ಲಿ ಒಂದು ಗೆರೆ ಎಳೆಯಿರಿ

ಸೀಮೆಸುಣ್ಣದಲ್ಲೇ ಎಳೆಯಿರಿ. ಗೆರೆಯ ಒಳಗೆ ಎಷ್ಟು ಓಡಾಟ, ಹೊರಗೆ ಎಷ್ಟು ಎಂದು ಒಂದು ದಿನ ಗುರುತು ಹಾಕಿಸಿ. ಮುಕ್ಕಾಲು ಪಾಲು ಒಳಗಿದ್ದರೆ ಬ್ಯಾಟರಿ ಯಂತ್ರ. ಮುಕ್ಕಾಲು ಪಾಲು ಅಂಗಳ, ಒಣಗಿಸುವ ಕಣ, ಮಟ್ಟೆ ರಾಶಿಯ ಸುತ್ತ ಆದರೆ ಡೀಸೆಲ್. ಅರ್ಧರ್ಧ ಬಂದರೆ ‘ಎರಡಕ್ಕೂ ಆಗುತ್ತೆ ಸಾರ್’ ಎನ್ನುವ ಒಂದೇ ಯಂತ್ರ ಹುಡುಕಬೇಡಿ. ಗೆರೆಯ ಮೇಲೆ ಸರಕು ಕೈ ಬದಲಾಯಿಸಲಿ: ಹೊರಗಿನ ಯಂತ್ರ ಬಾಗಿಲಿಗೆ ತಂದಿಡಲಿ, ಒಳಗಿನ ಸ್ಟ್ಯಾಕರ್ ಎತ್ತಿಕೊಂಡು ಹೋಗಲಿ. ಹೊರಗಿನ ಕೆಮ್ಮಣ್ಣು ಟೈರಿಗೆ ಅಂಟಿ ಪುಡಿ ಕೋಣೆಗೆ ಬರುವುದೂ ಇದರಿಂದ ತಪ್ಪುತ್ತದೆ.

3. ತಿನ್ನುವ ಸರಕಿನ ಹತ್ತಿರ ಹೊಗೆ ಬೇಡ

ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗುತ್ತದೆ. ಅಷ್ಟು ದಿನ ಕಾದ ಸರಕಿಗೆ ಉಗ್ರಾಣದಲ್ಲಿ ಡೀಸೆಲ್ ವಾಸನೆ ಹಿಡಿಸುವುದು ಕೈಯಾರೆ ಮಾಡಿಕೊಳ್ಳುವ ನಷ್ಟ. ಜಿಡ್ಡಿನ ಪದಾರ್ಥ ವಾಸನೆಯನ್ನು ಬೇಗ ಹೀರುತ್ತದೆ. ಕೊಬ್ಬರಿ ಪುಡಿ ಇನ್ನೂ ಬೇಗ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ ಇತ್ತು. ಆ ವರ್ಷ ಮಾರುಕಟ್ಟೆ ದರ ಅದರ ಎರಡರಷ್ಟನ್ನೂ ದಾಟಿತು. ಇಂಥ ದರದಲ್ಲಿ ಒಂದು ಲೋಡು ವಾಪಸು ಬಂದರೆ ಯಂತ್ರದಲ್ಲಿ ಉಳಿಸಿದ ಹಣ ಅಲ್ಲಿಗೇ ಮುಗಿಯಿತು.

ಜನರ ಉಸಿರಿನ ಮಾತು ಅದಕ್ಕಿಂತ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್‌ಕಾರಕವಾದ ಮೊದಲ ಗುಂಪಿಗೆ ಸೇರಿಸಿದೆ. ಪುಡಿ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳು ದಿನವಿಡೀ ಕೂತು ಕಾಯಿಯ ಕಂದು ಸಿಪ್ಪೆ ಹೆರೆಯುತ್ತಿರುತ್ತಾರೆ. ಅವರ ಪಕ್ಕದಲ್ಲಿ ಡೀಸೆಲ್ ಯಂತ್ರ ಚಾಲೂ ಇಟ್ಟು ನಿಲ್ಲಿಸುವುದು ಸಲ್ಲದು. ಮುಚ್ಚಿದ ಶೆಡ್ಡಿಗೆ ಎಲ್‌ಪಿಜಿ ಯಂತ್ರವೂ ಪೂರ್ತಿ ಪರಿಹಾರವಲ್ಲ. ಮಸಿ ಕಡಿಮೆಯಾದರೂ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅದರಿಂದಲೂ ಬರುತ್ತದೆ.

4. ನಾರಿನ ದೂಳಿಗೆ ಹೆದರಿ

ಈ ಸೀಮೆಗೆ ಸೇರಿದ ಸೂತ್ರ ಇದು. ಬೆಂಗಳೂರಿನ ಗೋದಾಮಿಗೆ ಮಾರುವವರ ಬಾಯಲ್ಲಿ ಕೇಳಸಿಗುವುದಿಲ್ಲ. ಹಡಗಿನಲ್ಲಿ ಸಾಗಿಸುವ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಮ್ಮ ಕೊಬ್ಬರಿಯೂ ಇದೆ: ಸಂಖ್ಯೆ ಯುಎನ್ 1363, ವರ್ಗ 4.2. ಅಂದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತು. ಒಣ ನಾರಿಗೂ ಮಟ್ಟೆ ರಾಶಿಗೂ ಒಂದು ಕಿಡಿ ಸಾಕೆಂಬುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಿಲ್ಲ.

ನಾರಿನ ಘಟಕದಲ್ಲಿ ಒಂದು ಪಾಳಿ ದುಡಿದ ಡೀಸೆಲ್ ಯಂತ್ರದ ಹಿಂಬದಿಯ ಮುಚ್ಚಳ ತೆಗೆಸಿ ನೋಡಿ. ರೇಡಿಯೇಟರಿನ ಜಾಲರಿ ಕಾಣುವುದೇ ಇಲ್ಲ. ಕಂದು ಕಂಬಳಿ ಹೊದಿಸಿದಂತೆ ನಾರಿನ ಪುಡಿ ಕೂತಿರುತ್ತದೆ. ಫ್ಯಾನಿನ ಬುಡಕ್ಕೆ, ಚಕ್ರದ ಅಚ್ಚಿಗೆ ಎಳೆಗಳು ಸುತ್ತಿರುತ್ತವೆ. ನೀರು ಕುದಿಯುತ್ತದೆ, ಯಂತ್ರ ನಿಲ್ಲುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುವುದರಿಂದ ನಿಂತರೂ ಪುಣ್ಯ, ಹೊತ್ತದಿದ್ದರೆ ಸಾಕು ಎನ್ನುವ ಸ್ಥಿತಿ. ಡೀಸೆಲ್ ಅನಿವಾರ್ಯವಾದರೆ ಸೈಲೆನ್ಸರಿಗೆ ಕಿಡಿ ತಡೆಯುವ ಸಾಧನ ಹಾಕಿಸಿ, ಪಾಳಿ ಮುಗಿದು ಎಂಜಿನ್ ಆರಿದ ಮೇಲೆ ಗಾಳಿ ಹೊಡೆಸಿ ಶುಚಿ ಮಾಡಿಸಿ, ಅಗ್ನಿಶಾಮಕ ಸಿಲಿಂಡರನ್ನು ಯಂತ್ರದ ಮೇಲೆಯೇ ಕಟ್ಟಿಸಿ.

ಬ್ಯಾಟರಿ ಯಂತ್ರವೆಂದು ಕಣ್ಣು ಮುಚ್ಚಬೇಡಿ. ಹಳೆಯ ಡಿಸಿ ಮೋಟರಿನ ಇಂಗಾಲದ ಬ್ರಷ್ ಕಿಡಿ ಹಾರಿಸುತ್ತದೆ. ಎಸಿ ಮೋಟರಿಗೆ ಬ್ರಷ್ ಇಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಫೋರ್ಕ್‌ಲಿಫ್ಟ್‌ಗಳನ್ನು ಕೆಲಸದ ಜಾಗದ ಅಪಾಯ ನೋಡಿ 11 ಬಗೆಯಾಗಿ ವಿಂಗಡಿಸುತ್ತದೆ. ಅದರಲ್ಲಿ ‘ಡಿ’ ಸಾದಾ ಡೀಸೆಲ್, ‘ಡಿಎಸ್’ ಹೆಚ್ಚಿನ ರಕ್ಷಣೆಯ ಡೀಸೆಲ್, ‘ಇ’ ಸಾದಾ ವಿದ್ಯುತ್ ಯಂತ್ರ, ‘ಇಇ’ ಮೋಟರೂ ಸೇರಿ ವಿದ್ಯುತ್ ಭಾಗಗಳನ್ನೆಲ್ಲ ಪೂರ್ತಿ ಮುಚ್ಚಿದ್ದು, ‘ಇಎಕ್ಸ್’ ಸ್ಫೋಟಕ ಆವಿ ಅಥವಾ ದೂಳಿನ ಜಾಗಕ್ಕೆಂದೇ ಮಾಡಿದ್ದು. ಕೊಳ್ಳುವಾಗ ‘ನಿಮ್ಮ ಯಂತ್ರ ಯಾವ ಬಗೆಯದು?’ ಎಂದು ಕೇಳಿ. ಉತ್ತರ ತಡವರಿಸಿದರೆ ನಾರಿನ ಶೆಡ್ಡಿಗೆ ಆ ಯಂತ್ರ ಬೇಡ.

5. ಫಲಕದ ಮೇಲಿನ ತೂಕವನ್ನು ಪೂರ್ತಿ ಓದಿ

‘2 ಟನ್’ ಎಂದಷ್ಟೇ ಓದಿ ನಿಲ್ಲಿಸಬೇಡಿ. ಪಕ್ಕದಲ್ಲಿ ‘500 ಮಿ.ಮೀ.’ ಎಂದೂ ಬರೆದಿರುತ್ತದೆ. ಸರಕಿನ ಭಾರದ ನಡುಬಿಂದು ಫೋರ್ಕಿನ ಬುಡದಿಂದ ಅರ್ಧ ಮೀಟರ್ ಒಳಗಿದ್ದರೆ ಮಾತ್ರ 2 ಟನ್ ಎಂದು ಅರ್ಥ. ನಾರಿನ ಬೇಲು, ಪುಡಿ ತುಂಬಿದ ಜಂಬೋ ಚೀಲಗಳು ತೂಕಕ್ಕಿಂತ ಗಾತ್ರದಲ್ಲಿ ದೊಡ್ಡವು. ನಡುಬಿಂದು 700 ಮಿ.ಮೀ.ಗೆ ಸರಿದರೆ, ಮುಂದಿನ ಅಚ್ಚಿನಿಂದ ಫೋರ್ಕಿನ ಬುಡಕ್ಕೆ 450 ಮಿ.ಮೀ. ಇದೆ ಎಂದುಕೊಂಡು ಲೆಕ್ಕ ಹಾಕಿದರೆ, ಎತ್ತಬಹುದಾದ್ದು ಸುಮಾರು 1,650 ಕಿಲೋ ಮಾತ್ರ. ಬೇಲು ಹಿಡಿಯುವ ಕ್ಲ್ಯಾಂಪ್ ಜೋಡಿಸಿದರೆ ಅದರ ತೂಕವೂ ಇದರಲ್ಲೇ ಕಳೆಯುತ್ತದೆ. ಎತ್ತರಕ್ಕೆ ಹೋದಂತೆ ಇನ್ನೂ ಇಳಿಯುತ್ತದೆ. ಕ್ಲ್ಯಾಂಪ್ ಸಮೇತ, ನಿಮಗೆ ಬೇಕಾದ ಎತ್ತರದಲ್ಲಿ ಎಷ್ಟು ಎತ್ತುತ್ತದೆಂದು ಬರೆದ ಹೊಸ ಫಲಕ ಕೇಳಿ ಪಡೆಯಿರಿ. ಡೀಸೆಲ್, ಬ್ಯಾಟರಿ ಎರಡಕ್ಕೂ ಈ ಸೂತ್ರ ಒಂದೇ.

6. ಗಂಟೆಯ ಲೆಕ್ಕ ಹಾಕದೆ ಬೆಲೆ ಮಾತಾಡಬೇಡಿ

ಕೊಳ್ಳುವಾಗ ಬ್ಯಾಟರಿ ಯಂತ್ರ ತುಟ್ಟಿ, ಓಡಿಸುವಾಗ ಅಗ್ಗ. ಡೀಸೆಲ್ ಯಂತ್ರದ್ದು ಇದರ ತಿರುವುಮುರುವು. ಎಲ್ಲಿ ಸಮವಾಗುತ್ತದೆಂದು ಕಾಗದದ ಮೇಲೆ ನೋಡಿ.

48 ವೋಲ್ಟ್, 600 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 28.8 ಯೂನಿಟ್ ಹಿಡಿಯುತ್ತದೆ. ಶೇ 80ರಷ್ಟು ಮಾತ್ರ ಬಳಸಬೇಕಾದ್ದರಿಂದ ಕೈಗೆ ಸಿಗುವುದು 23 ಯೂನಿಟ್. ಅದನ್ನು ತುಂಬಲು ಮೀಟರಿನಲ್ಲಿ ಸುಮಾರು 30 ಯೂನಿಟ್ ಓಡುತ್ತದೆ. ಯೂನಿಟ್ಟಿಗೆ 8 ರೂಪಾಯಿ ಎಂದಿಟ್ಟುಕೊಂಡರೆ 240 ರೂಪಾಯಿ. ಇಷ್ಟರಲ್ಲಿ 2 ಟನ್ ಯಂತ್ರ ಸುಮಾರು ಐದು ಗಂಟೆ ದುಡಿಯುತ್ತದೆ ಎನ್ನೋಣ. ಅದೇ ಐದು ಗಂಟೆಗೆ ಡೀಸೆಲ್ ಯಂತ್ರ ಗಂಟೆಗೆ 2.5 ಲೀಟರ್ ಕುಡಿದು, ಲೀಟರಿಗೆ 90 ರೂಪಾಯಿ ಆದರೆ 1,125 ರೂಪಾಯಿ. ದಿನದ ವ್ಯತ್ಯಾಸ 885. ವರ್ಷಕ್ಕೆ 250 ದಿನ ಕೆಲಸವಾದರೆ 2.2 ಲಕ್ಷ ದಾಟುತ್ತದೆ.

ದಿನಕ್ಕೆ ಒಂದೇ ಗಂಟೆ ಕೆಲಸ ಇದ್ದರೋ? ಉಳಿತಾಯ ವರ್ಷಕ್ಕೆ 45 ಸಾವಿರದ ಒಳಗೆ. ಹೆಚ್ಚು ಕೊಟ್ಟ ಹಣ ವಾಪಸು ಬರುವ ಮೊದಲೇ ಬ್ಯಾಟರಿ ಬದಲಿಸುವ ಕಾಲ ಬಂದಿರುತ್ತದೆ. ನಿಮ್ಮ ಬಿಲ್ಲಿನ ದರ, ಬಂಕಿನ ದರ ಹಾಕಿ ಇದೇ ಲೆಕ್ಕ ಮತ್ತೆ ಮಾಡಿ. ಮೂರು ಗಂಟೆಗಿಂತ ಹೆಚ್ಚು ಓಡುವ ಒಳಾಂಗಣದ ಯಂತ್ರ ಬ್ಯಾಟರಿಯ ಕಡೆ ವಾಲುತ್ತದೆ. ಗಂಟೆಗೂ ಕಡಿಮೆ ಓಡುವುದು ಡೀಸೆಲ್ ಅಥವಾ ಬಾಡಿಗೆಯ ಕಡೆ.

7. ಬೆಸ್ಕಾಂ ಕಚೇರಿಗೆ ಮೊದಲೇ ಹೋಗಿ ಬನ್ನಿ

48 ವೋಲ್ಟ್, 100 ಆಂಪಿಯರಿನ ಚಾರ್ಜರಿಗೆ ಸುಮಾರು 7 ಕಿಲೋವಾಟ್, ಅಂದರೆ ಒಂಬತ್ತು ಎಚ್‌ಪಿಗೂ ಮಿಕ್ಕಿ ಬೇಕು. ಲಿಥಿಯಂ ಬ್ಯಾಟರಿಯ ವೇಗದ ಚಾರ್ಜರಿಗೆ ಇನ್ನೂ ಹೆಚ್ಚು. ನಿಮಗೆ ಮಂಜೂರಾದ ಎಚ್‌ಪಿಯಲ್ಲಿ ಅಷ್ಟು ಜಾಗ ಇದೆಯೇ? ಇಲ್ಲದಿದ್ದರೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿದ ಮೇಲೆ ಯಂತ್ರಕ್ಕೆ ಮುಂಗಡ ಕೊಡಿ. ತ್ರೀ ಫೇಸ್ ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಒಂದು ತಿಂಗಳು ಬರೆದಿಡಿ. ತಿಪಟೂರಿನ ಬಿ.ಎಚ್. ರಸ್ತೆಯ ಪಕ್ಕದ ಘಟಕಕ್ಕೂ ಹುಳಿಯಾರಿನಾಚೆಯ ತೋಟದ ಘಟಕಕ್ಕೂ ಕರೆಂಟಿನ ಜಾತಕ ಒಂದೇ ಇರುವುದಿಲ್ಲ. ಡೀಸೆಲ್ ಜನರೇಟರ್ ಹಾಕಿ ಬ್ಯಾಟರಿ ತುಂಬಿಸುವುದು ತುರ್ತಿಗೆ ಸರಿ, ದಿನದ ರೂಢಿಯಾದರೆ ಸೂತ್ರ 6ರ ಉಳಿತಾಯವೆಲ್ಲ ನೀರಿಗೆ ಹೋಯಿತು.

8. ಸೀಸವೋ ಲಿಥಿಯಮ್ಮೋ: ನೋಡಿಕೊಳ್ಳುವವರು ಯಾರು?

ಸೀಸ-ಆಮ್ಲದ ಬ್ಯಾಟರಿ ಅಗ್ಗ, ಆದರೆ ಆರೈಕೆ ಬೇಡುತ್ತದೆ. ತುಂಬಲು ಎಂಟು ಗಂಟೆ, ಆರಲು ಇನ್ನೂ ಹೊತ್ತು. ಭಟ್ಟಿ ಇಳಿಸಿದ ನೀರನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕು, ಮೊದಲೇ ತುಂಬಿದರೆ ಆಮ್ಲ ಉಕ್ಕಿ ಹರಿಯುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಏಳುತ್ತದೆ, ಗಾಳಿಯಲ್ಲಿ ಶೇ 4ರಷ್ಟಾದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಚಾರ್ಜಿಂಗ್ ಜಾಗ ಅಟ್ಟದ ಕೆಳಗೆ, ನಾರಿನ ರಾಶಿಯ ಪಕ್ಕ ಬೇಡವೇ ಬೇಡ; ಸೂರಿನ ಹತ್ತಿರ ಗಾಳಿಕಿಂಡಿ ಇರುವ ಬೇರೆ ಮೂಲೆ ಬೇಕು.

ಲಿಥಿಯಂ ತುಟ್ಟಿ. ಆದರೆ ಒಂದೆರಡು ಗಂಟೆಯಲ್ಲಿ ತುಂಬುತ್ತದೆ, ಊಟದ ಬಿಡುವಿನಲ್ಲಿ ಚುಚ್ಚಿಟ್ಟರೂ ನಡೆಯುತ್ತದೆ, ನೀರಿನ ಗೊಡವೆ ಇಲ್ಲ. ಕರೆಂಟು ಬಿಟ್ಟು ಬಿಟ್ಟು ಬರುವ ಕಡೆ ಈ ಗುಣವೇ ಅದರ ಬೆಲೆ ತೀರಿಸುತ್ತದೆ. ಮಳೆಗಾಲದಲ್ಲಿ ಕೆಲಸ ಕಡಿಮೆಯಾಗುವ ಕೋಕೋಪಿಟ್ ಘಟಕದಲ್ಲಿ ಸೀಸದ ಬ್ಯಾಟರಿಯನ್ನು ಖಾಲಿ ಮಾಡಿ ಬಿಟ್ಟರೆ ಫಲಕಗಳ ಮೇಲೆ ಗಂಧಕದ ಉಪ್ಪು ಗಟ್ಟಿಯಾಗಿ ಅದು ಮತ್ತೆ ಏಳುವುದಿಲ್ಲ. ತಿಂಗಳಿಗೊಮ್ಮೆಯಾದರೂ ಪೂರ್ತಿ ತುಂಬಿಸಿಡಿ. ಹಳೆಯದನ್ನು ಗುಜರಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ವಾಪಸು ಪಡೆಯುವ ದರವನ್ನು ಕೊಳ್ಳುವಾಗಲೇ ಬರೆಸಿಕೊಳ್ಳಿ.

9. ಟೈರು, ಇಳಿಜಾರು, ಮಳೆ

ಹೊರಗಿನ ಕೆಲಸದಲ್ಲಿ ಡೀಸೆಲ್ ಗೆಲ್ಲುವುದು ಎಂಜಿನ್ ಒಂದರಿಂದಲೇ ಅಲ್ಲ. ಗಾಳಿ ತುಂಬಿದ ದೊಡ್ಡ ಟೈರು, ನೆಲದಿಂದ ಎತ್ತರವಾಗಿ ನಿಂತ ಹೊಟ್ಟೆ, ಕಡಿದಾದ ಇಳಿಜಾರನ್ನು ಹತ್ತುವ ಕಸುವು ಎಲ್ಲ ಸೇರಿ ಗೆಲ್ಲುತ್ತದೆ. ಮೂರು ಚಕ್ರದ ಬ್ಯಾಟರಿ ಯಂತ್ರ ಕಿರಿದಾದ ಓಣಿಯಲ್ಲಿ ನಿಂತಲ್ಲೇ ತಿರುಗುತ್ತದೆ, ಆದರೆ ಅಕ್ಟೋಬರಿನ ಮಳೆಗೆ ಕೊಚ್ಚೆಯಾದ ಅಂಗಳದಲ್ಲಿ ಅಲ್ಲೇ ಹೂತುಕೊಳ್ಳುತ್ತದೆ. ಗಾಳಿ ಟೈರು ಹಾಕಿ ಮಳೆಗೆ ತಡೆಯುವಂತೆ ಮಾಡಿದ ನಾಲ್ಕು ಚಕ್ರದ ಬ್ಯಾಟರಿ ಯಂತ್ರಗಳೂ ಈಗ ಬಂದಿವೆ. ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಯೋಚನೆ ಇದ್ದರೆ ಮೊದಲು ಅದನ್ನು ಮುಗಿಸಿ. ಒಳ್ಳೆಯ ನೆಲದಿಂದ ಯಾವ ಯಂತ್ರದ ಆಯುಷ್ಯವೂ ಹೆಚ್ಚುತ್ತದೆ, ಆಯ್ಕೆಯೂ ಅಗಲವಾಗುತ್ತದೆ. ಚಿಪ್ಪಿನ ಚೂರು ಚೆಲ್ಲಿದ ಕಡೆ ಗಾಳಿ ಟೈರಿಗಿಂತ ಗಟ್ಟಿ ರಬ್ಬರಿನದೇ ಲೇಸು.

10. ಕಂಟೇನರ್ ತುಂಬುವವರು ಕಂಬ ಅಳೆಯಿರಿ

ಕೋಕೋಪಿಟ್ ರಫ್ತುದಾರರು ಬಳಸುವ 40 ಅಡಿಯ ಎತ್ತರದ ಕಂಟೇನರಿನ ಬಾಗಿಲು ಸುಮಾರು 2.58 ಮೀಟರ್, 20 ಅಡಿಯ ಸಾದಾ ಕಂಟೇನರಿನದು ಸುಮಾರು 2.28. ಯಂತ್ರದ ಕಂಬ ಅಷ್ಟರೊಳಗೆ ನುಸುಳಬೇಕು. ಒಳಗೆ ಹೋದ ಮೇಲೆ ಕಂಬ ಉದ್ದವಾಗದೆ ಫೋರ್ಕ್ ಮಾತ್ರ ಮೇಲೇಳಬೇಕು. ಇದನ್ನು ಫ್ರೀ ಲಿಫ್ಟ್ ಎನ್ನುತ್ತಾರೆ. ಟ್ರೈಲರ್ ಮೇಲಿನ ಕಂಟೇನರಿನ ನೆಲ ಆಳೆತ್ತರಕ್ಕೆ ಸ್ವಲ್ಪ ಕಡಿಮೆ, ಆದ್ದರಿಂದ ಡಾಕ್ ಅಥವಾ ಕಬ್ಬಿಣದ ರ‍್ಯಾಂಪ್ ಬೇಕೇ ಬೇಕು. ಮೂರು ಕಡೆ ಮುಚ್ಚಿದ ಪೆಟ್ಟಿಗೆಯೊಳಗೆ ಹೊಗೆ ಹೋಗಲು ದಾರಿ ಇಲ್ಲ. ಒಳಗೆ ದುಡಿಯುವುದು ಬ್ಯಾಟರಿ ಯಂತ್ರವೇ ಆಗಿರಲಿ. ಮರದ ಪ್ಯಾಲೆಟ್ ವಿದೇಶಕ್ಕೆ ಹೋಗುವುದಾದರೆ ಐಎಸ್‌ಪಿಎಂ 15 ಮುದ್ರೆ ನೋಡಿ: ಸಾಮಾನ್ಯವಾಗಿ ಮರದ ಒಡಲನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಗುರುತು ಅದು.

11. ಟ್ರ್ಯಾಕ್ಟರ್ ಬಂದವನಿಗೆ ಫೋರ್ಕ್‌ಲಿಫ್ಟ್ ಬರುತ್ತದೆ ಎಂದುಕೊಳ್ಳಬೇಡಿ

ಟ್ರ್ಯಾಕ್ಟರ್ ಮುಂದಿನ ಚಕ್ರದಿಂದ ತಿರುಗುತ್ತದೆ, ಫೋರ್ಕ್‌ಲಿಫ್ಟ್ ಹಿಂದಿನ ಚಕ್ರದಿಂದ. ಹೊಸಬ ತಿರುಗಿಸಿದರೆ ಬಾಲ ಹೊರಗೆ ಬೀಸಿ ಕಂಬಕ್ಕೋ ಪಕ್ಕದಲ್ಲಿ ನಿಂತವರಿಗೋ ಬಡಿಯುತ್ತದೆ. ಭಾರವನ್ನು ಮೇಲೆತ್ತಿಕೊಂಡೇ ಓಡಿಸುವುದು, ಇಳಿಜಾರಿನಲ್ಲಿ ಅಡ್ಡ ತಿರುಗುವುದು, ಇವು ಯಂತ್ರ ಮಗುಚುವ ದಾರಿಗಳು. ತರಬೇತಿಗೆ ನಿಮ್ಮ ಹಮಾಲರಲ್ಲೇ ಒಬ್ಬರನ್ನು ಕಳಿಸಿ. ಚೀಲ ಹೇಗೆ ಜಾರುತ್ತದೆ, ಲಾಟು ಎಲ್ಲಿ ಕುಸಿಯುತ್ತದೆ ಎಂಬುದು ಅವರಿಗೆ ಗೊತ್ತು; ಯಂತ್ರ ಬಂದರೆ ಅನ್ನಕ್ಕೆ ಕುತ್ತು ಎಂಬ ಅವರ ಅಳುಕೂ ಕಡಿಮೆಯಾಗುತ್ತದೆ.

ಬ್ಯಾಟರಿ ಯಂತ್ರದ ಇನ್ನೊಂದು ಅಪಾಯ ಅದರ ಮೌನ. ಸಿಪ್ಪೆ ಹೆರೆಯುವ ಸಾಲಿನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ. ನೆಲದ ಮೇಲೆ ನೀಲಿ ಬೆಳಕು ಚೆಲ್ಲುವ ದೀಪ, ಹಿಮ್ಮುಖ ಹೋಗುವಾಗ ಕೂಗುವ ಹಾರನ್ ಹಾಕಿಸಿ, ಜನ ನಡೆಯುವ ದಾರಿಗೆ ಹಳದಿ ಬಣ್ಣ ಬಳಿಸಿ.

ಯಂತ್ರವನ್ನು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಅಭ್ಯಾಸವನ್ನೂ ಬಿಡಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳು ನಿರ್ಮಾಣ ಯಂತ್ರ ವಾಹನಗಳ ವ್ಯಾಖ್ಯೆಯಲ್ಲಿ ಫೋರ್ಕ್‌ಲಿಫ್ಟನ್ನೂ ಹೆಸರಿಸಿವೆ. ನೋಂದಣಿ, ವಿಮೆ ಇಲ್ಲದೆ ರಸ್ತೆಯಲ್ಲಿ ಅಪಘಾತವಾದರೆ ತಲೆ ಕೊಡಬೇಕಾದವರು ನೀವೇ.

12. ರಿಪೇರಿಯ ದೂರ ಅಳೆದು, ನಿಮ್ಮ ಅಂಗಳದಲ್ಲೇ ಪರೀಕ್ಷಿಸಿ

ಡೀಸೆಲ್ ಎಂಜಿನ್ ಬಿಚ್ಚುವ ಮೇಸ್ತ್ರಿ ಹೋಬಳಿಗೊಬ್ಬ ಸಿಗುತ್ತಾನೆ. ಬ್ಯಾಟರಿ ಯಂತ್ರದ ಕಂಟ್ರೋಲರ್ ಕೆಟ್ಟರೆ ತುಮಕೂರು ಇಲ್ಲವೇ ಬೆಂಗಳೂರಿನಿಂದ ಜನ ಬರಬೇಕು. ತಿಪಟೂರಿಗೆ ಬೆಂಗಳೂರು ಸುಮಾರು 140 ಕಿ.ಮೀ. ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರುತ್ತಾರೆ, ಬಾರದಿದ್ದರೆ ಬದಲಿ ಯಂತ್ರ ಕೊಡುತ್ತಾರೆಯೇ ಎಂಬುದನ್ನು ಒಪ್ಪಂದದಲ್ಲಿ ಬರೆಸಿ. ಬಾಯಿಮಾತು ಸಾಲದು. ಕೆಲಸದ ಭರಾಟೆ ವರ್ಷದಲ್ಲಿ ಮೂರ‍್ನಾಲ್ಕು ತಿಂಗಳಷ್ಟೇ ಆದರೆ ಆ ಅವಧಿಗೆ ಬಾಡಿಗೆಗೆ ತನ್ನಿ. ಅಕ್ಕಪಕ್ಕದ ಎರಡು ಮೂರು ಘಟಕಗಳು ಸೇರಿ ತಂದರೆ ಬಾಡಿಗೆ ಇನ್ನೂ ಹಗುರ.

ಕೊನೆಗೆ, ಮಾರುವವರ ಷೋರೂಮಿನ ನುಣುಪು ನೆಲದಲ್ಲಿ ಓಡಿಸಿ ತೋರಿಸಿದ್ದನ್ನು ಪರೀಕ್ಷೆ ಎನ್ನಬೇಡಿ. ಯಂತ್ರ ನಿಮ್ಮಲ್ಲಿಗೆ ಬರಲಿ. ನಿಮ್ಮ ಬೇಲು, ನಿಮ್ಮ ರ‍್ಯಾಂಪ್, ನಿಮ್ಮ ಕಿರಿದಾದ ತಿರುವು, ಆಗುವುದಾದರೆ ಮಳೆ ಬಂದ ಮಾರನೆಯ ದಿನದ ಅಂಗಳ. ಎರಡು ಪಾಳಿ ದುಡಿಸಿ, ಮೀಟರೋ ಡೀಸೆಲ್ಲೋ ಎಷ್ಟು ತಿಂದಿತು ಎಂದು ಬರೆದುಕೊಳ್ಳಿ. ಆ ಚೀಟಿ ಕೈಯಲ್ಲಿ ಹಿಡಿದು ಬೆಲೆ ಮಾತಿಗೆ ಕೂತುಕೊಳ್ಳಿ. ಒಪ್ಪದವರು ಯಂತ್ರ ವಾಪಸು ಕೊಂಡೊಯ್ಯಲಿ, ಇನ್ನೊಬ್ಬರು ತಂದು ತೋರಿಸುತ್ತಾರೆ.